ಎಮ್ಮೆ ಮೈ ಎಲ್ಲಿ ತೊಳೀತಿದ್ರಿ, ಅಜ್ಜಾರ?

ಗದಗ ಜಿಲ್ಲೆಯ ಕಪ್ಪತಗುಡ್ಡದ ಸುತ್ತಲಿನ ಊರುಗಳಲ್ಲಿ ಹಿರಿಯರ ನೆನಪುಗಳನ್ನು ಮೊಬೈಲಿನಲ್ಲಿ ದಾಖಲಿಸಲು ನಮ್ಮ ಪ್ರೌಢಶಾಲೆಯ ಮಕ್ಕಳನ್ನು ಕಳಿಸುವಾಗ ನಾನು ಹಾಕುವ ಕಟ್ಟು ಒಂದೇ: "ಹವಾಮಾನ ಬದಲಾಗೇತೇನ್ರಿ?" ಅಂತ ಯಾರನ್ನೂ ಕೇಳಬಾರದು. ಕೇಳಿದರೆ "ಹೌದಪಾ, ಮದಲಿನ ಮಳಿ ಈಗೆಲ್ಲೈತಿ" ಎಂಬ ಮಾತೇ ಮನೆಮನೆಯಲ್ಲೂ ಸಿಗುತ್ತದೆ. ಅದು ಅಭಿಪ್ರಾಯ. ನಮಗೆ ಬೇಕಾದದ್ದು ನೆನಪು, ಅದು ದಿನದ ಕೆಲಸದಲ್ಲಿ ಅಡಗಿರುತ್ತದೆ.

ಬ್ಯಾಸಗಿಯಲ್ಲಿ ಎಮ್ಮೆ ಮೈ ತೊಳೆಯಲು ಎಲ್ಲಿಗೆ ಹೊಡಕೊಂಡು ಹೋಗ್ತಿದ್ರಿ? ಬಾವಿಗೆ ಎಷ್ಟು ಮಾರು ಹಗ್ಗ ಬೇಕಾಗ್ತಿತ್ತು? ಹಗ್ಗದ ಪ್ರಶ್ನೆ ನನಗೆ ಬಹಳ ಪ್ರಿಯ. ನೀರು ಸೇದಿದ ಕೈ ಆ ಅಳತೆಯನ್ನು ಸುಲಭಕ್ಕೆ ಮರೆಯುವುದಿಲ್ಲ. ಹಗ್ಗ ಯಾವಾಗ ಸಾಲದಾಯಿತು, ಬೋರ್‌ವೆಲ್ ಯಾವಾಗ ಬಂತು ಎಂದು ಕೇಳುತ್ತಾ ಹೋದರೆ ಅಂತರ್ಜಲ ಇಳಿದ ಕಥೆ ತಾನೇ ಬಿಚ್ಚಿಕೊಳ್ಳುತ್ತದೆ.

ಇಸವಿ ಕೇಳಿದರೂ ಪ್ರಯೋಜನ ಕಡಿಮೆ. ಮಕ್ಕಳ ಕೈಯಲ್ಲಿ ಒಂದು ಚೀಟಿ ಇರುತ್ತದೆ: 1972ರ ಬರ, 1984ರಲ್ಲಿ ಇಂದಿರಾ ಗಾಂಧಿ ಹತ್ಯೆ, 1997ರಲ್ಲಿ ಗದಗ ಜಿಲ್ಲೆಯಾದದ್ದು, 2011ರ ಪೋಸ್ಕೊ ಉಕ್ಕಿನ ಕಾರ್ಖಾನೆ ವಿರೋಧಿ ಹೋರಾಟ. "ಹಳ್ಳ ಬತ್ತಿದ್ದು ಇದಕ್ಕಿಂತ ಮುಂಚೇನೋ, ಆಮ್ಯಾಲೇನೋ?" ಎಂದರೆ ಉತ್ತರ ಬರುತ್ತದೆ. ಮಳೆಯ ವಿಷಯಕ್ಕೆ ನಕ್ಷತ್ರಗಳೇ ಸಾಕು. ಒಂದೊಂದು ಮಳೆ ಹದಿಮೂರು-ಹದಿನಾಲ್ಕು ದಿನದ್ದು. ಆಗ ಹೆಸರುಕಾಳು ಬಿತ್ತಿದ್ದು ರೋಹಿಣಿಗೋ ಮೃಗಶಿರಕ್ಕೋ, ಬಿಳಿಜೋಳಕ್ಕೆ ಹಸ್ತದವರೆಗೂ ಕಾದರೋ ಎಂಬುದು ತಿಳಿದರೆ ಬಿತ್ತನೆ ಎಷ್ಟು ಸರಿದಿದೆ ಎಂದು ಲೆಕ್ಕ ಹಾಕಬಹುದು.

ಕಟ್ಟೆಯ ಮೇಲೆ ಗಂಡಸರು ಸಿಗುತ್ತಾರೆ. ಅಜ್ಜಿಯರ ಬಳಿಗೆ ಹುಡುಗಿಯರೇ ಹೋಗಬೇಕು, ಅದೂ ಮಧ್ಯಾಹ್ನ, ಕಾಳು ಹಸನ ಮಾಡುತ್ತ ಕೂತಾಗ. "ಹಕ್ಕರಕಿ ಸೊಪ್ಪು ಹೊಲದಾಗ ತಾನ ಹುಟ್ತಿತ್ತವಾ. ಹರಕೊಂಡು ಬಂದು ರೊಟ್ಟಿ ಜೋಡಿ ತಿಂತಿದ್ವಿ. ಕಸಕ್ಕ ಎಣ್ಣಿ (ಕಳೆನಾಶಕ) ಹೊಡಿಯಾಕ ಹತ್ತಿದ ಮ್ಯಾಲ ಅದೂ ಹೋತು" ಎಂದು ಒಬ್ಬ ಆಯಿ ಹೇಳಿದ್ದನ್ನು ಕೇಳಿದಾಗ ನನ್ನ ಎದೆ ಭಾರವಾಯಿತು. ಅದೇ ಓಣಿಯ ಗಂಡಸರು ಇಳುವರಿ, ರೇಟಿನ ಬಗ್ಗೆ ತುಂಬಾ ಮಾತಾಡಿದ್ದರು, ಹಕ್ಕರಕಿ ಸುದ್ದಿ ಯಾರೂ ಎತ್ತಿರಲಿಲ್ಲ.

ಕುರಿಗಾರರ ಮಾತನ್ನು ಬರೆದಿಡುವಾಗ ಎಚ್ಚರ ಬೇಕು. ತೋಳ ಎಲ್ಲಿ ಮರಿ ಹಾಕುತ್ತದೆ, ಯಾವ ಔಷಧಿ ಗಿಡ ಯಾವ ಕೊಳ್ಳದಲ್ಲಿದೆ ಎಂಬುದು ಅವರಿಗೆ ಗೊತ್ತು. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಗಿದ್ದರೂ, ಬೇಟೆಯಾಡುವವರಿಗೆ, ಗಿಡ ಕೀಳುವವರಿಗೆ ದಾರಿ ತೋರಿಸಿದಂತಾಗಬಾರದೆಂದು ಆ ಜಾಗಗಳ ಹೆಸರನ್ನು ನಾವು ಬರಹಕ್ಕೆ ಇಳಿಸುವುದಿಲ್ಲ. ಹೊಲದ ಬದುವಿನ ಜಗಳ, ಮನೆಯ ಸಾಲದ ಮಾತು ಬಂದರೆ ರೆಕಾರ್ಡಿಂಗ್ ನಿಲ್ಲಿಸುತ್ತೇವೆ.

ದಾಖಲಿಸಿದ್ದನ್ನು ಅದೇ ಹಿರಿಯರಿಗೆ ಮತ್ತೆ ಕೇಳಿಸುತ್ತೇವೆ. ಪಕ್ಕದ ಮನೆಯವರೂ ಸೇರಿ "ಅದು ಆ ಹಳ್ಳ ಅಲ್ಲ, ಮ್ಯಾಲಿನ ಹಳ್ಳ" ಎಂದು ತಿದ್ದುತ್ತಾರೆ. ಇಬ್ಬರ ಮಾತು ಕೂಡದಿದ್ದರೆ ಎರಡನ್ನೂ ಬರೆದಿಡುತ್ತೇವೆ. ಒಂದು ಪ್ರತಿ ಮೊಮ್ಮಕ್ಕಳ ಫೋನಿಗೆ ಹೋಗುತ್ತದೆ, ಇನ್ನೊಂದು ಶಾಲೆಯಲ್ಲಿ ಉಳಿಯುತ್ತದೆ.