ಡೋನಾ ಸಮ್ಮರ್ ಅವರನ್ನು ಕೇಳುವ ಸಂಜೆಗೆ ಒಂದು ಕ್ರಮ

ಅಮೆರಿಕದ ಗಾಯಕಿ ಡೋನಾ ಸಮ್ಮರ್ ಎಂದ ಕೂಡಲೇ ಎಲ್ಲರ ಬೆರಳು 1977ರ ‘ಐ ಫೀಲ್ ಲವ್’ ಹಾಡಿನತ್ತ ಹೋಗುತ್ತದೆ. ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ಅದನ್ನು ಮೊದಲು ಕೇಳಿದವರಿಗೆ ಉಳಿದ ಹಾಡುಗಳೆಲ್ಲ ಅದರ ಹಿಂದೆ ಮಂಕಾಗಿಬಿಡುತ್ತವೆ. 1970ರ ದಶಕದ ಕುಣಿತದ ಸಂಗೀತವಾದ ಡಿಸ್ಕೊದ ಹೆಸರಲ್ಲಿ ‘ಡಿಸ್ಕೊ ರಾಣಿ’ ಎಂದು ಪಟ್ಟ ಕಟ್ಟಿ ಜನ ಕಂಠವನ್ನೇ ಮರೆಯುತ್ತಾರೆ. ನಾನು ಕಾರವಾರದಲ್ಲಿ ಶಾಲೆಯ ಮಕ್ಕಳಿಗೆ ಪಾಠ ಹೇಳುತ್ತ, ಭಾನುವಾರ ಇಗರ್ಜಿಯ ಗಾಯನವೃಂದದಲ್ಲಿ ಹಾಡುತ್ತ ಬಂದವಳು. ನನ್ನ ಪಾಲಿಗೆ ಅವರು ಮೊದಲು ಚರ್ಚಿನ ಗಾಯಕಿ, ಮಿಕ್ಕಿದ್ದೆಲ್ಲ ಆಮೇಲೆ. ಹಳೆಯ ವಿದ್ಯಾರ್ಥಿಗಳನ್ನು ಮನೆಗೆ ಕರೆದು ಅವರ ಹಾಡು ಕೇಳಿಸುವಾಗ ನಾನು ಇಟ್ಟುಕೊಂಡಿರುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಮನೆಯಲ್ಲೂ ಮಾಡಿ ನೋಡಿ.

ಮಳೆಗಾಲದಲ್ಲಿ ಬೇಡ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಹಂಚಿನ ಮಾಡಿನ ಮೇಲೆ ಸುರಿಯುವ ಮಳೆ ಸಣ್ಣ ದನಿಗಳನ್ನೆಲ್ಲ ನುಂಗಿಬಿಡುತ್ತದೆ. ಕರೆಂಟ್ ಯಾವಾಗ ಕೈಕೊಡುತ್ತದೆಂದೂ ಹೇಳಲಾಗದು. ದೀಪಾವಳಿ ಕಳೆದ ಮೇಲೆ, ಕಡಲ ಗಾಳಿ ಹಿತವಾಗಿರುವ ಸಂಜೆಗಳು ಇದಕ್ಕೆ ಹೇಳಿ ಮಾಡಿಸಿದಂತಿರುತ್ತವೆ. ಚಹಾ, ಬನ್ಸ್ ಮೊದಲೇ ಆಗಿಬಿಡಲಿ. ಹಾಡಿನ ನಡುವೆ ಬಟ್ಟಲಿನ ಸದ್ದು ಬೇಡ.

ಸ್ಪೀಕರ್ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಎರಡು ಬೇಕೇ ಬೇಕು. ಒಂಟಿ ಬ್ಲೂಟೂತ್ ಸ್ಪೀಕರ್ ಎಷ್ಟೇ ಜೋರಾಗಿರಲಿ, ಎಡ ಬಲಗಳನ್ನು ಒಂದೇ ಬಾಯಿಂದ ಉಗುಳುತ್ತದೆ. ಈ ಸಂಜೆಯ ಮುಖ್ಯ ಹಾಡೊಂದು ಹಾಗೆ ಕೇಳಿದರೆ ಅರ್ಧವಷ್ಟೇ ಸಿಗುತ್ತದೆ. ಹಳೆಯ ಮ್ಯೂಸಿಕ್ ಸಿಸ್ಟಮ್ ಅಟ್ಟದಲ್ಲಿದ್ದರೆ ಇಳಿಸಿ ಒರೆಸಿ. ಉಪ್ಪುಗಾಳಿಗೆ ತಂತಿಯ ತುದಿಗೆ ಹಸಿರು ಕಿಲುಬು ಹಿಡಿದಿರುತ್ತದೆ. ಅದನ್ನು ಕೆರೆದು, ಹೊಸದಾಗಿ ಹೊಸೆದು ಸಿಕ್ಕಿಸಿ. ಸ್ಪೀಕರುಗಳನ್ನು ನೆಲಕ್ಕಿಡದೆ ಸ್ಟೂಲಿನ ಮೇಲೆ, ಕೂತವರ ಕಿವಿಯ ಮಟ್ಟಕ್ಕೆ ಇಡಿ.

ಮೊದಲ ಹಾಡು ಡೋನಾ ಅವರದ್ದೇ ಆಗಬೇಕಿಲ್ಲ. ನಾನು ಅಮೆರಿಕದ ಚರ್ಚ್ ಹಾಡುಗಳ ಹಿರಿಯ ಗಾಯಕಿ ಮಹಾಲಿಯಾ ಜ್ಯಾಕ್ಸನ್ ಅವರ ಒಂದು ಭಕ್ತಿಗೀತೆಯನ್ನು ಹಾಕುತ್ತೇನೆ. ಬಾಸ್ಟನ್ ನಗರದಲ್ಲಿ 1948ರ ಡಿಸೆಂಬರ್ 31ರಂದು ಹುಟ್ಟಿದ ಲಡೋನಾ ಗೇನ್ಸ್ ಎಂಬ ಹುಡುಗಿ, ಅಂದರೆ ಮುಂದೆ ಡೋನಾ ಸಮ್ಮರ್ ಆದವರು, ಕೇಳಿ ಬೆಳೆದ ದನಿ ಅದು. ತಾಯಿ ಶಾಲಾ ಶಿಕ್ಷಕಿ, ಮನೆಯಲ್ಲಿ ಏಳು ಮಕ್ಕಳು. ಒಂದು ದಿನ ಚರ್ಚಿನಲ್ಲಿ ಹಾಡಬೇಕಿದ್ದವರು ಬರಲಿಲ್ಲ, ಹತ್ತರ ಆಸುಪಾಸಿನ ಈ ಹುಡುಗಿಯನ್ನು ನಿಲ್ಲಿಸಿದರು. ಎಲ್ಲವೂ ಆರಂಭವಾದದ್ದು ಅಲ್ಲಿ. ಇಷ್ಟನ್ನು ಹೇಳಿ, ಮಹಾಲಿಯಾ ಅವರ ಹಾಡಿನಲ್ಲಿ ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ ಎಂಬುದನ್ನು ಗಮನಿಸಲು ಹೇಳಿ. ಸಂಜೆಯುದ್ದಕ್ಕೂ ಅದೇ ಕೆಲಸಕ್ಕೆ ಬರುತ್ತದೆ.

ಡೋನಾ ಅವರ ಜರ್ಮನಿಯ ವರ್ಷಗಳನ್ನು ಕಥೆಯಾಗಿ ಹೇಳಿದರೆ ಸಾಕು. 1968ರಲ್ಲಿ ‘ಹೇರ್’ ಎಂಬ ಸಂಗೀತ ನಾಟಕದ ಜರ್ಮನ್ ಪ್ರಯೋಗಕ್ಕೆಂದು ಮ್ಯೂನಿಕ್‌ಗೆ ಹೋದರು, ಜರ್ಮನ್ ಕಲಿತರು, ರಂಗದ ಮೇಲೆ ಹಾಡಿದರು, ಇತರರ ಹಾಡುಗಳಿಗೆ ಹಿಂದಿನ ದನಿಯಾದರು. ಆಸ್ಟ್ರಿಯಾದ ನಟ ಹೆಲ್ಮುಟ್ ಸೊಮ್ಮರ್ ಅವರನ್ನು ಮದುವೆಯಾದದ್ದರಿಂದ ಬಂದ ಅಡ್ಡಹೆಸರೇ ಸಮ್ಮರ್ ಆಯಿತು. ಆ ಊರಿನಲ್ಲೇ ನಿರ್ಮಾಪಕರಾದ ಜಾರ್ಜಿಯೊ ಮೊರೊಡರ್ ಮತ್ತು ಪೀಟ್ ಬೆಲೊಟ್ ಸಿಕ್ಕಿದರು.

1975ರಲ್ಲಿ ಅವರಿಗೆ ಹೆಸರು ತಂದ ‘ಲವ್ ಟು ಲವ್ ಯು ಬೇಬಿ’ ಹಾಡನ್ನು ಮನೆಮಂದಿ ಎಲ್ಲ ಕೂತಿರುವಾಗ ನಾನು ಹಾಕುವುದಿಲ್ಲ. ಅದು ಶೃಂಗಾರದ ಉಸಿರಾಟದಿಂದಲೇ ಕಟ್ಟಿದ ಹಾಡು. ಅಮೆರಿಕದ ರೆಕಾರ್ಡ್ ಕಂಪನಿಯ ಮುಖ್ಯಸ್ಥರು ಉದ್ದದ ಆವೃತ್ತಿ ಬೇಕೆಂದಾಗ ಸುಮಾರು 17 ನಿಮಿಷಕ್ಕೆ ಬೆಳೆಸಿದರು. ರೆಕಾರ್ಡಿನ ಒಂದು ಬದಿಯಿಡೀ ಅದೊಂದೇ. ಅಷ್ಟನ್ನು ಹೇಳಿ ಮುಂದೆ ಹೋಗಿ. ಆ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ಆದರೆ ಅವರ ಗಂಟಲಿನಲ್ಲಿದ್ದದ್ದು ಅದರಲ್ಲಿ ಹೊರಬಂದೇ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಈಗ ‘ಐ ಫೀಲ್ ಲವ್’. ಹಿಂದಿನ ದಶಕಗಳ ಶೈಲಿಗಳನ್ನು ಒಂದೊಂದಾಗಿ ನೆನೆಯುವ ಆಲ್ಬಮ್ಮಿನ ಕೊನೆಯಲ್ಲಿ, ಮುಂದಿನ ಕಾಲದ ಹಾಡು ಹೇಗಿರಬಹುದು ಎಂದು ಊಹಿಸಿ ಮಾಡಿದ್ದು ಇದು. ಮೂಗ್ ಸಿಂಥೆಸೈಜರ್ ಎಂಬ, ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಯಂತ್ರದಲ್ಲಿ ಹೊರಡಿಸಿದ ಕೆಲವೇ ಸ್ವರಗಳ ಒಂದು ಓಟ ಹಾಡಿನುದ್ದಕ್ಕೂ ನಿಲ್ಲದೆ ಸಾಗುತ್ತದೆ. ಕಿವಿಗೆ ಅದು ಬಹಳ ವೇಗ ಅನ್ನಿಸುತ್ತದೆ. ಆದರೆ ಯಂತ್ರ ನುಡಿಸಿದ್ದು ಅದರ ಅರ್ಧದಷ್ಟು ವೇಗದಲ್ಲಿ. ಎಡಕ್ಕೆ ಮೂಲ ಸ್ವರ, ಬಲಕ್ಕೆ ಅದೇ ಸ್ವರ ಕ್ಷಣಾರ್ಧ ತಡವಾಗಿ. ಎರಡೂ ಕೂಡಿದಾಗ ತೆರವು ತುಂಬಿ ಓಟ ಇಮ್ಮಡಿಯಾಗುತ್ತದೆ.

ಇದನ್ನು ವಿವರಿಸುತ್ತ ಕೂರುವ ಬದಲು ಮಾಡಿ ತೋರಿಸಿ. ಬಂದವರನ್ನು ಎರಡು ಸಾಲಾಗಿ ಕೂರಿಸಿ. ಎಡಸಾಲಿನವರು ಸಮನಾಗಿ ಚಪ್ಪಾಳೆ ತಟ್ಟಲಿ. ಬಲಸಾಲಿನವರು ಅವರ ಎರಡು ಚಪ್ಪಾಳೆಗಳ ನಡುವಿನ ತೆರವಿನಲ್ಲಿ ತಟ್ಟಲಿ, ಸ್ವಲ್ಪ ಮೆಲ್ಲಗೆ. ಮೊದಲು ಗಲಿಬಿಲಿಯಾಗುತ್ತದೆ, ಆಮೇಲೆ ತಾನಾಗಿಯೇ ಕೂಡುತ್ತದೆ. ಕೂಡಿದ ಕೂಡಲೇ ಹಾಡನ್ನು ಹಾಕಿ, ಎಡ ಸ್ಪೀಕರನ್ನು ಮಾತ್ರ ಕೇಳಿಸಿ. ಓಟ ಕುಂಟುತ್ತದೆ. ಬಲದ್ದನ್ನೂ ಸೇರಿಸಿ. ನಮ್ಮ ಮನೆಯಲ್ಲಿ ಈ ಘಳಿಗೆಗೆ ಮುಖಗಳು ಅರಳುವುದನ್ನು ನೋಡಲೆಂದೇ ನಾನು ಸ್ಪೀಕರ್‌ಗೆ ಅಷ್ಟು ಹಟ ಮಾಡುವುದು. ಎಂಜಿನಿಯರಿಂಗ್ ಓದುತ್ತಿರುವ ಹುಡುಗನೊಬ್ಬ, ‘ಅಕ್ಕೋರೇ, ಇದರಲ್ಲಿ ಮನುಷ್ಯರು ಏನು ಮಾಡಿದ್ದಾರೆ?’ ಎಂದು ಕೇಳಿದ್ದ. ಒಳ್ಳೆಯ ಪ್ರಶ್ನೆ. ಪ್ರತಿ ಗತಿಗೂ ಬೀಳುವ ದಪ್ಪ ಗುದ್ದನ್ನು ಕೀತ್ ಫೋರ್ಸಿ ಎಂಬ ಡ್ರಮ್ಮರ್ ಕಾಲಿನಿಂದಲೇ ಬಾರಿಸಿದ್ದಾರೆ. ಯಂತ್ರದಿಂದ ಅಂಥ ತೂಕದ ಗುದ್ದು ಹೊರಡಲಿಲ್ಲ. ಮತ್ತೆ, ಡೋನಾ ಇದ್ದಾರೆ.

ಅವರನ್ನು ಕೇಳಲು ಎರಡನೆಯ ಸಲ ಹಾಕಿ. ಈ ಸಲ ಯಂತ್ರವನ್ನು ಬಿಟ್ಟುಬಿಡಿ. ಬಡಗುತಿಟ್ಟಿನ ಭಾಗವತರು ಚಂಡೆ ಮದ್ದಲೆಗಳು ಬಿರುಸಾಗಿ ಓಡುತ್ತಿರುವಾಗಲೂ ಪದವನ್ನು ನಿಧಾನವಾಗಿ ಎಳೆದು ಅದರ ಮೇಲೆ ತೇಲಿಸುವುದನ್ನು ನಾವೆಲ್ಲ ಕೇಳಿದ್ದೇವೆ. ಡೋನಾ ಮಾಡುವುದೂ ಅದೇ. ಕೆಳಗೆ ಓಟ, ಮೇಲೆ ಅವಸರವೇ ಇಲ್ಲದ ಕಂಠ. ಎತ್ತರದ ಸ್ವರದಲ್ಲಿ, ತೆಳುವಾಗಿ, ಒಂದೊಂದು ಮಾತನ್ನೂ ಎಳೆದು ಹಾಡುತ್ತಾರೆ. ಇಷ್ಟು ಉದ್ದಕ್ಕೆ, ಇಷ್ಟು ಮೆಲ್ಲಗೆ, ದನಿ ನಡುಗದಂತೆ ಹಿಡಿಯುವುದು ಎಷ್ಟು ಕಷ್ಟವೆಂದು ಗಾಯನವೃಂದದಲ್ಲಿ ನಿಂತವರಿಗೆ ಗೊತ್ತು. ಜೋರಾಗಿ ಹಾಡುವುದು ಸುಲಭ.

ಅದರ ಬೆನ್ನಿಗೇ 1978ರ ಸಿನಿಮಾ ಹಾಡು ‘ಲಾಸ್ಟ್ ಡಾನ್ಸ್’ ಹಾಕಿ. ಕ್ರಮ ತಪ್ಪಿಸಬೇಡಿ, ಏಕೆಂದರೆ ಬಚ್ಚಿಟ್ಟಿದ್ದ ದನಿ ಇಲ್ಲಿ ಪೂರ್ತಿ ಬಿಚ್ಚಿಕೊಳ್ಳುತ್ತದೆ. ವಿಳಂಬದಲ್ಲಿ ಪ್ರಾರಂಭವಾಗಿ, ಒಮ್ಮೆಗೇ ಗತಿ ಏರಿ, ನಡುವೆ ಮತ್ತೆ ತಗ್ಗಿ ಏರುವ ಹಾಡು ಇದು. ಸಿನಿಮಾ ಆವೃತ್ತಿಯಾಗಲಿ ಆಲ್ಬಮ್ಮಿನದ್ದಾಗಲಿ, ಉದ್ದದ್ದನ್ನೇ ಹುಡುಕಿ. ರೇಡಿಯೊಗೆಂದು ಕತ್ತರಿಸಿದ್ದರಲ್ಲಿ ನಡುವಿನ ತಗ್ಗು ಇರುವುದಿಲ್ಲ. ಹಾಡು ಬರೆದ ಪಾಲ್ ಜಬಾರಾ ಅವರಿಗೆ ಆಸ್ಕರ್ ಬಂತು, ಹಾಡಿದ ಡೋನಾ ಅವರಿಗೆ ಅಮೆರಿಕದ ಸಂಗೀತ ಪ್ರಶಸ್ತಿಯಾದ ಗ್ರ್ಯಾಮಿ.

1979ರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಬಾರದು. ಆ ಜುಲೈ 12ರಂದು ಶಿಕಾಗೊದ ಬೇಸ್‌ಬಾಲ್ ಮೈದಾನವೊಂದರಲ್ಲಿ ಡಿಸ್ಕೊ ರೆಕಾರ್ಡುಗಳನ್ನು ರಾಶಿ ಹಾಕಿ ಸ್ಫೋಟಿಸಿದರು, ಜನ ಮೈದಾನಕ್ಕೆ ನುಗ್ಗಿದರು. ಅದೇ ತಿಂಗಳು ಡೋನಾ ಅವರ ‘ಬ್ಯಾಡ್ ಗರ್ಲ್ಸ್’ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು. ಕಪ್ಪು ಜನರ, ಹೆಂಗಸರ, ಸಲಿಂಗಿಗಳ ಸಂಗೀತವೆಂದೇ ಡಿಸ್ಕೊ ಮೇಲೆ ಅಷ್ಟು ಸಿಟ್ಟಿತ್ತು ಎಂದು ಅನೇಕರು ಆಮೇಲೆ ಬರೆದಿದ್ದಾರೆ. ನಾನೂ ಹಾಗೆಯೇ ನಂಬುತ್ತೇನೆ. ಒಬ್ಬರಿಗೆ ಹಾಡು ಹಿಡಿಸದಿದ್ದರೆ ರೇಡಿಯೊ ಆರಿಸಬಹುದು. ಸಿಡಿಮದ್ದು ಯಾಕೆ ಬೇಕಾಯಿತು?

ಕೊನೆಗೆ 1983. ಲಾಸ್ ಏಂಜಲೀಸ್‌ನ ರೆಸ್ಟೋರೆಂಟೊಂದರಲ್ಲಿ ಗ್ರ್ಯಾಮಿ ಸಂಜೆಯ ಔತಣ. ಹೆಂಗಸರ ಶೌಚಾಲಯ ನೋಡಿಕೊಳ್ಳುವ ಒನೆಟ್ಟಾ ಎಂಬಾಕೆ ಕೂತಲ್ಲೇ ದಣಿದು ನಿದ್ದೆ ಹೋಗಿದ್ದನ್ನು ಡೋನಾ ನೋಡಿದರು. ಅದೇ ‘ಶಿ ವರ್ಕ್ಸ್ ಹಾರ್ಡ್ ಫಾರ್ ದ ಮನಿ’ ಆಯಿತು. ಹಾಡಿನಲ್ಲಿ ಆಕೆಯ ಹೆಸರಿದೆ, ಆಲ್ಬಮ್ಮಿನ ಹಿಂಬದಿಯಲ್ಲಿ ಡೋನಾ ಜೊತೆ ಆಕೆಯ ಚಿತ್ರವೂ ಇದೆ. ನಮ್ಮ ಸಂಜೆಗೆ ಬರುವ ಹಿರಿಯ ಹೆಂಗಸರಿಗೆ ಇಂಗ್ಲಿಷ್ ಬಾರದು. ಹಾಡು ಹಾಕುವ ಮೊದಲು ಈ ಕಥೆಯನ್ನು ಕೊಂಕಣಿಯಲ್ಲಿ ಹೇಳುತ್ತೇನೆ. ಬೆಳಗಿನ ಜಾವ ಎದ್ದು ಬುಟ್ಟಿ ಹೊತ್ತು ಮೀನುಪೇಟೆಗೆ ಹೋಗುವವರಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಅದೇ ಆಲ್ಬಮ್ಮಿನಲ್ಲಿರುವ ‘ಹಿ ಈಸ್ ಎ ರೆಬೆಲ್’ ಎಂಬ ಯೇಸುವಿನ ಹಾಡನ್ನೂ ತಪ್ಪದೆ ಹಾಕಿ. ಅದಕ್ಕೂ ಗ್ರ್ಯಾಮಿ ಬಂದಿದೆ. ಒಟ್ಟು ಐದು ಗ್ರ್ಯಾಮಿಗಳಲ್ಲಿ ಒಂದು ಆರ್ ಆ್ಯಂಡ್ ಬಿ (ರಿದಮ್ ಆ್ಯಂಡ್ ಬ್ಲೂಸ್) ಗಾಯನಕ್ಕೆ, ಒಂದು ರಾಕ್‌ಗೆ, ಎರಡು ಭಕ್ತಿಗೀತೆಗಳಿಗೆ. ನೃತ್ಯ ಸಂಗೀತಕ್ಕೆ ಸಿಕ್ಕಿದ್ದು ಒಂದೇ, ಅದೂ 1998ರಲ್ಲಿ. 2012ರ ಮೇ 17ರಂದು ತಮ್ಮ 63ನೆಯ ವಯಸ್ಸಿನಲ್ಲಿ ಅವರು ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಎಂಬ ಅಮೆರಿಕದ ಸಂಗೀತ ಗೌರವಪಟ್ಟಿಗೆ ಅವರ ಹೆಸರು ಸೇರಿದ್ದು ಅದರ ಮರುವರ್ಷ. ಬದುಕಿರುವಾಗಲೇ ಆಗಬೇಕಿತ್ತು.

ಇನ್ನೊಂದು ಸಂಜೆ ಬೇಕೆಂದು ಬಂದವರು ಕೇಳಿದರೆ ಇನ್ನೊಬ್ಬ ಡಿಸ್ಕೊ ಗಾಯಕಿ ಗ್ಲೋರಿಯಾ ಗೇನರ್ ಅವರನ್ನು ಎತ್ತಿಕೊಳ್ಳಿ. ಗ್ರ್ಯಾಮಿಯವರು ಡಿಸ್ಕೊಗೆಂದು ಪ್ರಶಸ್ತಿ ಕೊಟ್ಟಿದ್ದು 1980ರಲ್ಲಿ ಒಂದೇ ಒಂದು ಸಲ, ಅದು ಸಂದದ್ದು ಅವರಿಗೆ. ಆಮೇಲೆ 40 ವರ್ಷ ಕಳೆದು, 2020ರಲ್ಲಿ, ಅವರಿಗೆ ಎರಡನೆಯ ಗ್ರ್ಯಾಮಿ ಬಂದದ್ದು ಚರ್ಚಿನ ಹಾಡುಗಳ ಆಲ್ಬಮ್ಮಿಗೆ.