ಬಜ್ಪೆಗೋ ಸೋಗಾನೆಗೋ: ಮನೆ ಬಿಡುವ ಹೊತ್ತು ಲೆಕ್ಕ ಹಾಕುವುದು ಹೇಗೆ?

ಹೋದ ಮಳೆಗಾಲದಲ್ಲಿ ನಮ್ಮ ಭಾವನ ಮಗ ಚಿಕ್ಕಮಗಳೂರಿನಿಂದ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣಕ್ಕೆ ಹೊರಟ. "150 ಕಿಲೋಮೀಟರ್ ತಾನೆ, ಎರಡೂವರೆ ಗಂಟೆ ಸಾಕು" ಅಂದಿದ್ದ. ಅವನು ಮುಟ್ಟುವಾಗ ಕೌಂಟರ್ ಮುಚ್ಚಿ ಇಪ್ಪತ್ತು ನಿಮಿಷ ಆಗಿತ್ತು. ಟಿಕೆಟ್ ಹೋಯಿತು, ಕೆಲಸದ ಸಂದರ್ಶನವೂ ಹೋಯಿತು. ಇದೇ ತಪ್ಪನ್ನು ಎಷ್ಟೋ ಜನ ಮಾಡುವುದನ್ನು ನೋಡಿದ್ದೇನೆ.

ಮೊದಲು ದೂರ ಯಾವುದು ಅಂತ ತಿಳಿದುಕೊಳ್ಳಿ. ಉದಾಹರಣೆಗೆ, ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಿಂದ ಬಜ್ಪೆಗೆ ನೇರ ಗೆರೆ ಎಳೆದರೆ ಸುಮಾರು 125 ಕಿ.ಮೀ. ಅದು ಹಕ್ಕಿಯ ದಾರಿ. ಆಗುಂಬೆಯ 14 ತಿರುವು ಇಳಿದು ಕಾರ್ಕಳದ ಮೇಲೆ ಹೋದರೆ 200ರ ಹತ್ತಿರ. ನಿಲ್ದಾಣಗಳ ದೂರ ಹೇಳುವ ಜಾಲತಾಣಗಳು ಹೆಚ್ಚಾಗಿ ನೇರ ಗೆರೆಯನ್ನೇ ಅಳೆಯುತ್ತವೆ. ವಿಮಾನವೇ ಇಲ್ಲದ ಕಡೆಗೂ ಹಾರಾಟದ ಸಮಯ ತೋರಿಸುತ್ತವೆ. ಅವನ್ನು ಸುಮ್ನೆ ನಂಬಬೇಡಿ.

ಆಮೇಲೆ ಹಿಂದಿನಿಂದ ಎಣಿಸಿ. ಬಜ್ಪೆಯಲ್ಲಿ ವಿಮಾನ ಬೆಳಗ್ಗೆ 11ಕ್ಕೆ ಇದೆ ಅಂದುಕೊಳ್ಳಿ. ಬ್ಯಾಗ್ ಕೊಡುವ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಹಾಗಾಗಿ ನಿಮ್ಮ ಗಡುವು 10, ನೀವು ಅಲ್ಲಿರಬೇಕಾದದ್ದು 9ಕ್ಕೆ.

ಈಗ ಘಾಟಿ. ಎಲ್ಲರೂ ಎಡವುವುದು ಇಲ್ಲೇ. ಚಿಕ್ಕಮಗಳೂರಿನಿಂದ ಬಜ್ಪೆಗೆ ಹೋಗುವಾಗ ಇಳಿಯುವ ಚಾರ್ಮಾಡಿ ಘಾಟಿಯನ್ನು ಕಿಲೋಮೀಟರ್‌ನಲ್ಲಿ ಅಳೆಯಬೇಡಿ, ಗಂಟೆಯಲ್ಲಿ ಅಳೆಯಿರಿ. ದಾರಿಯನ್ನು ಮೂರು ತುಂಡು ಮಾಡಿ. ಮೂಡಿಗೆರೆ ಮೇಲೆ ಕೊಟ್ಟಿಗೆಹಾರಕ್ಕೆ ಒಂದೂಕಾಲು ಗಂಟೆ. ಅಲ್ಲಿಂದ ಕೆಳಗೆ ಚಾರ್ಮಾಡಿ ಊರಿಗೆ ಸುಮಾರು 25 ಕಿ.ಮೀ. ಬೇಸಿಗೆಯಲ್ಲಿ ಒಂದು ಗಂಟೆ, ಮಳೆಗಾಲದಲ್ಲಿ ಒಂದೂವರೆ. ಉಜಿರೆ, ಬೆಳ್ತಂಗಡಿ ದಾಟಿ ಬಜ್ಪೆಗೆ ಒಂದೂಮುಕ್ಕಾಲು. ಮಳೆಗಾಲದಲ್ಲಿ ಒಟ್ಟು ನಾಲ್ಕೂವರೆ ಗಂಟೆ. ಅಂದರೆ ಬೆಳಗಿನ ನಾಲ್ಕೂವರೆಗೆ ಮನೆ ಬಿಡಬೇಕು. ಬೆಳಕು ಹರಿಯುವಾಗ ನೀವು ಘಾಟಿಯ ಬಾಯಲ್ಲಿರುತ್ತೀರಿ. ಅದಕ್ಕಿಂತ ಮೊದಲು ಇಳಿಯುವುದು ಬೇಡವೇ ಬೇಡ.

ಜುಲೈನಲ್ಲಿ ಅಲ್ಲಿ ಮಂಜು ಹೇಗಿರುತ್ತದೆ ಗೊತ್ತಾ? ವೈಪರ್ ಓಡುತ್ತಿದ್ದರೂ ಗಾಜು ಬೆಳ್ಳಗೇ ಇರುತ್ತದೆ. ರಸ್ತೆಯ ಅಂಚಿನ ಬಿಳಿ ಗೆರೆ ಹಿಡಿದು ನಡೆಯುವ ವೇಗದಲ್ಲಿ ಹೋಗಬೇಕು. ಎದುರಿನ ಬಸ್ಸಿನ ದೀಪ ಹತ್ತು ಮಾರು ಹತ್ತಿರ ಬಂದ ಮೇಲೇ ಕಾಣುತ್ತದೆ. ಹೈ ಬೀಮ್ ಹಾಕಿದರೆ ಮಂಜೇ ಗೋಡೆಯಾಗಿ ಕಣ್ಣಿಗೆ ಹೊಡೆಯುತ್ತದೆ, ಲೋ ಬೀಮೇ ಸರಿ. ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಹೋಗಬೇಡಿ, ಎರಡನೇ ಗೇರ್‌ನಲ್ಲಿ ಬಿಡಿ. ನನ್ನ ಕೇಳಿದರೆ, ಘಾಟಿ ಅಭ್ಯಾಸವಿರುವ ಮೂಡಿಗೆರೆ ಕಡೆಯ ಚಾಲಕರೇ ಬೇಕು. ಹೊರಡುವ ಹಿಂದಿನ ಸಂಜೆ ರಸ್ತೆ ತೆರೆದಿದೆಯಾ ಅಂತ ಕೇಳಿಕೊಳ್ಳಿ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಈ ದಾರಿ ತಿಂಗಳುಗಟ್ಟಲೆ ಬಂದ್ ಆಗಿತ್ತು. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ಇಳಿದರೆ ಅರ್ಧ ಗಂಟೆ ಹೋಯಿತು. ಅದನ್ನು ವಾಪಸ್ ಬರುವಾಗ ತಿನ್ನಿ.

ಸೋಗಾನೆಗೆ ಇಷ್ಟೆಲ್ಲ ಇಲ್ಲ. ಚಿಕ್ಕಮಗಳೂರಿನಿಂದ ತರೀಕೆರೆ, ಭದ್ರಾವತಿ ಮೇಲೆ ಸುಮಾರು 90 ಕಿ.ಮೀ., ಎರಡೂಕಾಲು ಗಂಟೆ. ಬೆಂಗಳೂರಿನಿಂದ ಅಲ್ಲಿಗೆ ಹಾರಾಟ ಶುರುವಾದದ್ದು 2023ರ ಆಗಸ್ಟ್ 31ಕ್ಕೆ. ಬಜ್ಪೆಯಷ್ಟು ವಿಮಾನಗಳು ಅಲ್ಲಿಲ್ಲ. ನಿಮಗೆ ಬೇಕಾದ ವಾರ, ಬೇಕಾದ ಊರಿಗೆ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಇದ್ದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದುಡ್ಡು ಸ್ವಲ್ಪ ಜಾಸ್ತಿಯಾದರೂ ಸೋಗಾನೆಯ ಟಿಕೆಟನ್ನೇ ತೆಗೆದುಕೊಳ್ಳಿ.