ಗಪ್ಪಿ ತೊಟ್ಟಿಯಲ್ಲಿ ಕಡಲು

ಕಾಸರಗೋಡಿನ ನಮ್ಮ ಚಾವಡಿಯ ಹಳೆಯ ಗಪ್ಪಿ (ಸಿಹಿನೀರಿನ ಪುಟ್ಟ ಮೀನು) ತೊಟ್ಟಿಯಲ್ಲಿ ಈಗ ಕಡಲ ಜೀವಿಗಳನ್ನು ಸಾಕಲು ಉಪ್ಪುನೀರಿದೆ. ನೀವೂ ಮಾಡುವುದಾದರೆ ಮೊದಲು ವಿಚಾರಿಸಿ: ಆ ತೊಟ್ಟಿಗೆ ಮೀನಿನ ರೋಗಕ್ಕೆಂದು ತಾಮ್ರದ ಔಷಧಿ ಹಾಕಿದ್ದರಾ? ಹಾಕಿದ್ದರೆ ಬೇಡವೇ ಬೇಡ. ಗಾಜು ಕೂಡಿಸಿದ ಅಂಟಿನಲ್ಲಿ ಉಳಿದ ತಾಮ್ರ ಸಿಗಡಿ, ಹವಳಗಳನ್ನು ಕೊಲ್ಲಬಹುದು. ಹಳೆ ಜಲ್ಲಿ ತೆಗೆಯಿರಿ. ಗಾಜನ್ನು ವಿನೆಗರ್ ಹಾಕಿ ಉಜ್ಜಿ, ಸೋಪು ತಾಗಿಸಬೇಡಿ.

ಕಡಲು ಹತ್ತಿರವೇ ಇದೆ ಅಲ್ವಾ ಅಂತ ಕೊಡದಲ್ಲಿ ತರಬೇಡಿ. ಮಳೆಗಾಲದಲ್ಲಿ ಚಂದ್ರಗಿರಿ ಹೊಳೆ ಸೇರುವಲ್ಲಿ ನೀರು ಕೆಂಪು, ಉಪ್ಪೂ ಕಡಿಮೆ. ಆರ್‌ಓ ನೀರಿಗೆ ರೀಫ್ ಉಪ್ಪು (ಹವಳದ ತೊಟ್ಟಿಗೆಂದೇ ಮಾಡಿದ ಉಪ್ಪು) ಲೀಟರಿಗೆ ಸುಮಾರು 35 ಗ್ರಾಂ ಕಲಸಿ, ಸಿಹಿನೀರಿಗೆ ಹೋಲಿಸಿದ ಸಾಂದ್ರತೆ 1.025 ಬರಬೇಕು.

ಕಲ್ಲು, ಮರಳು, ಚಿಟಿಕೆ ಮೀನಿನ ತಿಂಡಿ ಹಾಕಿ 4ರಿಂದ 6 ವಾರ ಕಾಯಿರಿ. ತಿಂಡಿ ಕೊಳೆತು ಬರುವ ವಿಷಗಳಾದ ಅಮೋನಿಯಾ, ನೈಟ್ರೈಟ್ ಸೊನ್ನೆಗಿಳಿದ ಮೇಲೆಯೇ ಮೀನು. ಕಲ್ಲುಹವಳಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ, ಕಡಲಿಂದ ಕೀಳಬೇಡಿ.

ನಾನು ಗಾಜಿನ ಮೇಲೆ ಪೆನ್ನಿನಲ್ಲಿ ಗೆರೆ ಎಳೆದಿದ್ದೇನೆ. ನೀರು ಆರಿ ಇಳಿದರೆ ಆ ಗೆರೆಯವರೆಗೆ ಆರ್‌ಓ ನೀರು ಮಾತ್ರ. ಉಪ್ಪು ಆರಿ ಹೋಗುವುದಿಲ್ಲ.